ಆರೋನಿಯನ್–ಆನಂದ್, ವೈಕ್ ಆನ್ ಜೀ 2013: ಮೆರಾನ್ ಓಪನಿಂಗ್ ಮತ್ತು ಬಿ7ರ ಒಂಟೆ

ಬಿಳಿಮನೆ_ಕಪ್ಪುಮನೆ:

ಚೆಸ್‌ನ ಸೆಮಿ-ಸ್ಲಾವ್ ಓಪನಿಂಗ್ (ಕಪ್ಪು ಕಾಯಿಯವರ ಒಂದು ಆರಂಭದ ಯೋಜನೆ) ಕಲಿಯಲು ಹೊರಟವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ. ಸಿ6, ಇ6 ಎರಡೂ ಕಾಲಾಳುಗಳನ್ನು ಇಟ್ಟುಬಿಟ್ಟರೆ ಸಿ8ರ ಒಂಟೆಯ ಗತಿ ಏನು? ಅದು ಹೊರಗೆ ಬರುವುದು ಹೇಗೆ? ಸಿಸಿಲಿಯನ್ ಬಿಟ್ಟು ಬೇರೇನೂ ಆಡದವರು ಈ ಓಪನಿಂಗ್ ಅನ್ನು "ಉಸಿರುಗಟ್ಟುತ್ತೆ" ಅಂತ ದೂರ ಇಡುವುದೂ ಇದೇ ಕಾರಣಕ್ಕೆ.

ನಾನು ಉತ್ತರವಾಗಿ ಯಾವಾಗಲೂ ಒಂದು ಆಟ ತೋರಿಸುತ್ತೇನೆ. 2013ರ ಜನವರಿ 15, ನೆದರ್‌ಲೆಂಡ್ಸ್‌ನ ವೈಕ್ ಆನ್ ಜೀ, ಟಾಟಾ ಸ್ಟೀಲ್ ಟೂರ್ನಿಯ 4ನೇ ಸುತ್ತು. ಬಿಳಿ ಕಾಯಿ ಲೆವೊನ್ ಆರೋನಿಯನ್, ಕಪ್ಪು ಕಾಯಿ ವಿಶ್ವನಾಥನ್ ಆನಂದ್. ಆನಂದ್ ಆಗ ವಿಶ್ವ ಚಾಂಪಿಯನ್. ಆದರೆ ಹಿಂದಿನ ಎರಡು ವರ್ಷ ಡ್ರಾಗಳೇ ಜಾಸ್ತಿ ಆಗಿದ್ದವು. "ಆನಂದ್ ಮುಗಿದರು" ಅನ್ನುವ ಮಾತು ಎಲ್ಲ ಕಡೆ ಇತ್ತು. ಆರೋನಿಯನ್ ರೇಟಿಂಗ್ 2800 ದಾಟಿತ್ತು. ಅಂಥವರ ಎದುರು, ಅದೂ ಕಪ್ಪು ಕಾಯಿಯಲ್ಲಿ, 23 ನಡೆಗೆ ಗೆದ್ದರು.

ಪೂರ್ತಿ ನಡೆಗಳು ಇಲ್ಲಿವೆ (× ಅಂದರೆ ಕಾಯಿ ಹೊಡೆಯುವುದು). ಬೋರ್ಡ್ ಹಾಕಿಕೊಂಡು ಓದಿ.

1. ಡಿ4 ಡಿ5 2. ಸಿ4 ಸಿ6 3. ಕುದುರೆ ಎಫ್3, ಕುದುರೆ ಎಫ್6 4. ಕುದುರೆ ಸಿ3, ಇ6 5. ಇ3, ಬಿ8-ಕುದುರೆ ಡಿ7 6. ಒಂಟೆ ಡಿ3, ಡಿ×ಸಿ4 7. ಒಂಟೆ×ಸಿ4, ಬಿ5 8. ಒಂಟೆ ಡಿ3, ಒಂಟೆ ಡಿ6 9. ಇಬ್ಬರೂ ರಾಜನ ಕಡೆ ಕ್ಯಾಸ್ಲಿಂಗ್ 10. ರಾಣಿ ಸಿ2, ಒಂಟೆ ಬಿ7 11. ಎ3, ಆನೆ ಸಿ8 12. ಕುದುರೆ ಜಿ5, ಸಿ5 13. ಕುದುರೆ×ಎಚ್7, ಕುದುರೆ ಜಿ4 14. ಎಫ್4, ಸಿ×ಡಿ4 15. ಇ×ಡಿ4, ಒಂಟೆ ಸಿ5 16. ಒಂಟೆ ಇ2, ಡಿ7-ಕುದುರೆ ಇ5 17. ಒಂಟೆ×ಜಿ4, ಒಂಟೆ×ಡಿ4 ಚೆಕ್ 18. ರಾಜ ಎಚ್1, ಕುದುರೆ×ಜಿ4 19. ಕುದುರೆ×ಎಫ್8, ಎಫ್5 20. ಕುದುರೆ ಜಿ6, ರಾಣಿ ಎಫ್6 21. ಎಚ್3, ರಾಣಿ×ಜಿ6 22. ರಾಣಿ ಇ2, ರಾಣಿ ಎಚ್5 23. ರಾಣಿ ಡಿ3, ಒಂಟೆ ಇ3. ಬಿಳಿ ಸೋಲು ಒಪ್ಪಿತು.

ಈ ಆಟದ ಬಗ್ಗೆ ಬರೆಯುವವರು ಹೆಚ್ಚಾಗಿ 15 ಮತ್ತು 16ನೇ ನಡೆಗಳನ್ನೇ ಹೊಗಳುತ್ತಾರೆ. ಹೊಗಳಬೇಕಾದ್ದೇ. ನನ್ನ ಕಣ್ಣು ಮಾತ್ರ 10ನೇ ನಡೆಯ ಮೇಲೆ. ಆಗ ಬಿ7ಕ್ಕೆ ಬಂದ ಒಂಟೆ ಕೊನೆಯವರೆಗೂ ಕದಲುವುದಿಲ್ಲ. ಒಂದೂ ಕಾಯಿ ಹೊಡೆಯುವುದಿಲ್ಲ, ಒಂದೂ ಚೆಕ್ ಕೊಡುವುದಿಲ್ಲ. ಆದರೂ ಆಟ ಗೆಲ್ಲಿಸುವುದು ಅದೇ. "ಕೆಟ್ಟ ಒಂಟೆ" ಅಂತ ಎಲ್ಲರೂ ಬೈಯುವ ಅದೇ ಒಂಟೆ. ಈ ಆಟದಲ್ಲಿ ಬಂದ ಮೆರಾನ್ ಓಪನಿಂಗ್, ಅಂದರೆ ಸೆಮಿ-ಸ್ಲಾವ್‌ನ ಒಂದು ಕವಲು, ಪೂರ್ತಿಯಾಗಿ ಆ ಒಂಟೆಗಾಗಿ ಕಟ್ಟಿದ ಯೋಜನೆ ಅಂತ ನನ್ನ ವಾದ. ಹಾಗೆ ನೋಡಿದರೆ ಇಲ್ಲಿನ ನಡೆಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಬರುವುದಿಲ್ಲ.

ನಿಮ್ಮೆಲ್ಲರ ಅಭಿಪ್ರಾಯ ಬೇಕು.

ಮಲೆನಾಡ_ಕುದುರೆ:

ಎಷ್ಟು ಸಲ ನೋಡಿದರೂ ಸಾಕಾಗದ ಆಟ! ಆ ದಿನ ನೇರ ಪ್ರಸಾರ ನೋಡುತ್ತಿದ್ದೆ. ಕುದುರೆ ಎಚ್7 ಹೊಡೆದಾಗ ಆನಂದ್ ಕಥೆ ಮುಗಿಯಿತು ಅಂತ ನಮ್ಮ ಗುಂಪಿನಲ್ಲಿ ಎಲ್ಲರೂ ಸುಮ್ಮನಾಗಿದ್ದರು. ಮುಂದಿನ ಹತ್ತು ನಡೆಯಲ್ಲಿ ಎಲ್ಲ ತಿರುಗಿಬಿತ್ತು.

ಧಾರವಾಡದ_ಆನೆ:

ಸರ್, ಒಂದು ಮೂಲ ಪ್ರಶ್ನೆ. ಕಪ್ಪು 6ನೇ ನಡೆಯಲ್ಲಿ ಸಿ4 ಕಾಲಾಳನ್ನು ಹೊಡೆಯುತ್ತದೆ. ಹೇಗೂ ಹೊಡೆಯುವುದಾದರೆ ಮೊದಲೇ ಯಾಕೆ ಹೊಡೆಯಲಿಲ್ಲ? 5ನೇ ನಡೆಯಲ್ಲೇ ಹೊಡೆದರೆ ಏನಾಗುತ್ತಿತ್ತು?

ಹಳೇ_ಗಡಿಯಾರ:

ಒಳ್ಳೆಯ ಪ್ರಶ್ನೆ ತಮ್ಮಾ. ಮೆರಾನ್‌ನ ತಿರುಳು ಅಲ್ಲೇ ಇದೆ.

ಬಿಳಿಯ ಎಫ್1 ಒಂಟೆಗೆ ಡಿ3 ಒಳ್ಳೆಯ ಮನೆ. ಅಲ್ಲಿಗೆ ಬರಲು ಅದಕ್ಕೆ ಒಂದು ನಡೆ ಸಾಕು. ಅದು ಇನ್ನೂ ಎಫ್1ರಲ್ಲಿದ್ದಾಗ ಕಪ್ಪು ಸಿ4 ಹೊಡೆದರೆ, ಒಂಟೆ ಒಂದೇ ಜಿಗಿತದಲ್ಲಿ ಸಿ4ಕ್ಕೆ ಬರುತ್ತದೆ. ಬಿಳಿಗೆ ನಷ್ಟವೇ ಇಲ್ಲ. ಅದಕ್ಕೇ ಕಪ್ಪು ಕಾಯುತ್ತದೆ. ಒಂಟೆ ಡಿ3ಕ್ಕೆ ಬಂದ ಮರುಕ್ಷಣ ಸಿ4 ಹೊಡೆಯುತ್ತದೆ. ಈಗ ಒಂಟೆ ಇನ್ನೊಂದು ನಡೆ ಕೊಟ್ಟು ಸಿ4ಕ್ಕೆ ಹೋಗಬೇಕು. ತಕ್ಷಣ ಬಿ5 ಅಂತ ಕಾಲಾಳು ಅದನ್ನು ಅಟ್ಟುತ್ತದೆ. ಒಂಟೆ ಮತ್ತೆ ಡಿ3ಕ್ಕೆ. ಮೂರು ನಡೆ ಖರ್ಚಾಯಿತು, ಒಂಟೆ ಇರುವುದು ಮಾತ್ರ ಮೊದಲಿದ್ದ ಮನೆಯಲ್ಲೇ.

ಈ ಮಧ್ಯೆ ಕಪ್ಪು ಕಳೆದುಕೊಂಡದ್ದೂ ಇದೆ. ಡಿ5ರ ಕಾಲಾಳು ಹೋಯಿತು, ನಡುವಿನ ಹಿಡಿತ ಬಿಳಿಯ ಕೈಗೆ ಬಂತು. ಇ4, ಇ5 ಅಂತ ಬಿಳಿ ನುಗ್ಗಿ ಬರಬಹುದು. ಅದಕ್ಕೇ ಕಪ್ಪು ಬೇಗ ಸಿ5 ಒಡೆಯಲೇಬೇಕು. ಸಿ6ರ ಕಾಲಾಳು ಸಿ5ಕ್ಕೆ ಹೋಗಿ ಬದಲಾವಣೆ ಆದರೆ ಬಿ7ರಿಂದ ಜಿ2ವರೆಗೆ ದಾರಿ ತೆರೆಯುತ್ತದೆ. ಸಿ5 ಆಗದೇ ಹೋದರೆ ಆ ಒಂಟೆ ನಿಜವಾಗಿಯೂ ಕೆಟ್ಟ ಒಂಟೆಯಾಗಿ ಸಾಯುತ್ತದೆ. ಮೆರಾನ್ ಆಡುವವರು ಪ್ರತಿ ನಡೆಯಲ್ಲೂ "ಸಿ5 ಈಗ ಆಗುತ್ತಾ?" ಅಂತ ಕೇಳಿಕೊಳ್ಳಬೇಕು. ಆನಂದ್ 11ನೇ ನಡೆಯಲ್ಲಿ ಆನೆಯನ್ನು ಸಿ8ಕ್ಕೆ ತಂದದ್ದೂ ಅದಕ್ಕೇ.

ಹೆಸರಿನ ಹಿನ್ನೆಲೆ ಹೇಳಿಬಿಡುತ್ತೇನೆ. ಮೆರಾನ್ ಅಂದರೆ ಉತ್ತರ ಇಟಲಿಯ ಮೆರಾನೊ ಊರು. 1924ರಲ್ಲಿ ಅಲ್ಲಿ ನಡೆದ ಟೂರ್ನಿಯಲ್ಲಿ ಅಕಿಬಾ ರೂಬಿನ್‌ಸ್ಟೈನ್ ಕಪ್ಪು ಕಾಯಿಯಲ್ಲಿ ಇದನ್ನು ಆಡಿ ಅರ್ನ್‌ಸ್ಟ್ ಗ್ರುನ್‌ಫೆಲ್ಡ್ ಅವರನ್ನು ಸೋಲಿಸಿದರು. ಆಮೇಲೆ ಊರಿನ ಹೆಸರೇ ನಿಂತಿತು. ಕಾರ್ಪೋವ್ ಮತ್ತು ಕೋರ್ಚ್ನಾಯ್ 1981ರಲ್ಲಿ ವಿಶ್ವ ಪಟ್ಟಕ್ಕೆ ಆಡಿದ್ದೂ ಅದೇ ಊರಿನಲ್ಲಿ.

ಧಾರವಾಡದ_ಆನೆ:

ಈಗ ತಲೆಗೆ ಹೋಯಿತು ಸರ್. ಒಂಟೆ ಡಿ3ಕ್ಕೆ ಬರುವವರೆಗೆ ಕಾಯಬೇಕು. ಇಷ್ಟು ದಿನ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ.

ಎಂಜಿನ್_ಪ್ರಿಯ:

ಆಟ ಸುಂದರವಾಗಿದೆ, ಒಪ್ಪುತ್ತೇನೆ. ಆದರೆ ಒಂದು ಮಾತು ಹೇಳಲೇಬೇಕು. ಇದು ಮನೆಯಲ್ಲಿ ಮಾಡಿಕೊಂಡು ಬಂದ ತಯಾರಿ. ಬೋರಿಸ್ ಗೆಲ್ಫಾಂಡ್ ಎದುರಿನ 2012ರ ವಿಶ್ವ ಚಾಂಪಿಯನ್‌ಷಿಪ್‌ಗೆ ಸಿದ್ಧ ಮಾಡಿಕೊಂಡಿದ್ದ ವಿಷಯ ಇದು ಅಂತ ಆಟದ ನಂತರ ಆನಂದ್ ಅವರೇ ಹೇಳಿದ್ದಾರೆ. ಅಂದರೆ ಕಂಪ್ಯೂಟರ್ ಕಂಡುಹಿಡಿದ ನಡೆ. 1907ರಲ್ಲಿ ರೂಬಿನ್‌ಸ್ಟೈನ್ ಬೋರ್ಡ್ ಮುಂದೆ ಕೂತು ಯೋಚಿಸಿ ಆಡಿದ ಆಟಗಳ ಜೊತೆ ಇದನ್ನು ಇಡುವುದು ಸರಿಯಾ? ನಾನು ಆನಂದ್ ಅಭಿಮಾನಿಯೇ. ಆದರೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಮಲೆನಾಡ_ಕುದುರೆ:

ಗೆಳೆಯಾ, ಎಂಜಿನ್ (ನಡೆ ಹುಡುಕುವ ಕಂಪ್ಯೂಟರ್ ಪ್ರೋಗ್ರಾಂ) ಆರೋನಿಯನ್ ಹತ್ತಿರವೂ ಇತ್ತು ಅಲ್ವಾ? 12ನೇ ನಡೆಯಲ್ಲಿ ಕುದುರೆಯನ್ನು ಜಿ5ಕ್ಕೆ ಹಾರಿಸಿ ಜಗಳ ಶುರು ಮಾಡಿದ್ದು ಅವರೇ. ಇಬ್ಬರ ಹತ್ತಿರವೂ ಒಂದೇ ಯಂತ್ರ ಇದ್ದು ಒಬ್ಬರು ಮಾತ್ರ ಇದನ್ನು ಕಂಡರು ಅಂದರೆ ಉಳಿದದ್ದು ಮನುಷ್ಯನ ಕೆಲಸ.

ಬಿಳಿಮನೆ_ಕಪ್ಪುಮನೆ:

ಎಂಜಿನ್_ಪ್ರಿಯ ಅವರ ಪ್ರಶ್ನೆ ನ್ಯಾಯವಾದದ್ದು. ತಳ್ಳಿಹಾಕುವುದು ಬೇಡ.

ಗೆಲ್ಫಾಂಡ್ ಜೊತೆಗಿನ ಪಂದ್ಯ ನಡೆದದ್ದು 2012ರ ಮೇ ತಿಂಗಳಲ್ಲಿ, ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯಲ್ಲಿ. 12 ಆಟ 6–6 ಸಮ ಆಗಿ, ಕೊನೆಗೆ ಕಡಿಮೆ ಸಮಯದ ರ‍್ಯಾಪಿಡ್‌ನಲ್ಲಿ ಆನಂದ್ ಪಟ್ಟ ಉಳಿಸಿಕೊಂಡರು. ಆ ಪಂದ್ಯದಲ್ಲಿ ಈ ಸ್ಥಿತಿ ಬರಲೇ ಇಲ್ಲ. ಅಂದರೆ ಈ ತಯಾರಿ ಎಂಟು ತಿಂಗಳು ಹಾಗೇ ಉಳಿದಿತ್ತು. ವಿಶ್ವ ಚಾಂಪಿಯನ್‌ಷಿಪ್‌ಗೆ ಮಾಡಿಕೊಂಡ ತಯಾರಿ ಅಂದರೆ ಒಂದೆರಡು ಸಾಲು ಅಲ್ಲ. ಡಿ4ಗೆ ಬೇರೆ, ಇ4ಗೆ ಬೇರೆ, ಅದರೊಳಗೆ ಕವಲು, ಕವಲಿನೊಳಗೆ ಕವಲು. ಅದರಲ್ಲಿ ಇದೊಂದು ಎಳೆಯನ್ನು ಅಷ್ಟು ದಿನ ತಲೆಯಲ್ಲಿ ಹಿಡಿದುಕೊಂಡು, ಗಡಿಯಾರ ಓಡುತ್ತಿರುವಾಗ ಸರಿಯಾದ ಕ್ರಮದಲ್ಲಿ ಹೊರತೆಗೆಯಬೇಕು. ಕ್ರಮ ಒಂದು ತಪ್ಪಿದರೂ ಒಂದು ಪೂರ್ತಿ ಆನೆ ಸುಮ್ನೆ ಹೋಗಿರುತ್ತದೆ.

ಇನ್ನೊಂದು ವಿಷಯ. ಎಂಜಿನ್ "ಇದು ಒಳ್ಳೆಯ ನಡೆ" ಅಂತ ಹೇಳಬಹುದು. ಯಾಕೆ ಅಂತ ಹೇಳುವುದಿಲ್ಲ. ಈ ಆಟದಲ್ಲಿ "ಯಾಕೆ" ಅನ್ನುವುದು ಬರಿಗಣ್ಣಿಗೆ ಕಾಣುತ್ತದೆ. ನನಗೆ ಇಷ್ಟವಾಗುವುದು ಅದೇ.

13ನೇ ನಡೆ ನೋಡಿ. ಬಿಳಿ ಕುದುರೆ ಎಚ್7ರಲ್ಲಿ ಕೂತು ಎಫ್8ರ ಆನೆಯನ್ನು ನೋಡುತ್ತಿದೆ. ಆನಂದ್ ಆನೆಯನ್ನು ಕದಲಿಸುವುದಿಲ್ಲ. ಕುದುರೆಯನ್ನು ಜಿ4ಕ್ಕೆ ಹಾರಿಸುತ್ತಾರೆ. ಈಗ ಡಿ6ರ ಒಂಟೆ ಮತ್ತು ಜಿ4ರ ಕುದುರೆ ಎರಡರ ಕಣ್ಣೂ ಎಚ್2ರ ಮೇಲೆ. ರಾಣಿ ಎಚ್4ಕ್ಕೆ ಬಂದರೆ ಆಟ ಮುಗಿಯಿತು. ಬಿಳಿ ಆಸೆಪಟ್ಟು ಆನೆ ಹೊಡೆದರೆ ಒಂಟೆ ಎಚ್2ರಲ್ಲಿ ಚೆಕ್, ರಾಜ ಎಚ್1, ರಾಣಿ ಎಚ್4. ಬಿಳಿ ರಾಜ ಉಳಿಯುವುದಿಲ್ಲ. ಅದಕ್ಕೇ ಆರೋನಿಯನ್ 14ನೇ ನಡೆಯಲ್ಲಿ ಎಫ್4 ಅಂತ ಕಾಲಾಳು ನೂಕಿ ಡಿ6 ಒಂಟೆಯ ದಾರಿ ಮುಚ್ಚಿದರು.

ಆದರೆ ಎಫ್ ಕಾಲಾಳು ಮುಂದೆ ಹೋದ ಮೇಲೆ ಎಫ್2 ಖಾಲಿ. ಮುಂದಿನ ನಡೆಯಲ್ಲಿ ಕಪ್ಪು ಡಿ4ರಲ್ಲಿ ಬದಲಾವಣೆ ಮಾಡಿತು, ಬಿಳಿಯ ಇ ಕಾಲಾಳು ಡಿ4ಕ್ಕೆ ಬಂತು, ಇ3 ಕೂಡ ಖಾಲಿ. ಜಿ1ರ ರಾಜನಿಗೂ ಕಪ್ಪಿಗೂ ನಡುವೆ ಇನ್ನೊಂದು ಓರೆ ದಾರಿ ತೆರೆಯಿತು. ಅಡ್ಡ ಇರುವುದು ಡಿ4ರ ಕಾಲಾಳು ಒಂದೇ. ತಕ್ಷಣ ಡಿ6 ಒಂಟೆ ಮುಚ್ಚಿದ ದಾರಿ ಬಿಟ್ಟು ಸಿ5ಕ್ಕೆ ಬಂದು ತೆರೆದ ದಾರಿ ಹಿಡಿಯಿತು. ಡಿ4 ಕಾಲಾಳು ತನ್ನನ್ನು ಹೊಡೆಯಬಹುದು ಅಂತ ಗೊತ್ತಿದ್ದೂ ಅಲ್ಲಿ ಹೋಗಿ ಕೂತಿತು. ಹೊಡೆದರೆ ಡಿ7ರ ಕುದುರೆ ಸಿ5ರಲ್ಲಿ ತಿರುಗಿ ಹೊಡೆದು ಡಿ3 ಒಂಟೆಯ ಮೇಲೆ ಬೀಳುತ್ತದೆ. ಡಿ ಸಾಲು ಪೂರ್ತಿ ತೆರೆದು ಕಪ್ಪು ರಾಣಿಯೂ ಆಟಕ್ಕೆ ಬರುತ್ತದೆ.

ಇದು ಯಂತ್ರ ಹೇಳಿಕೊಟ್ಟದ್ದೇ ಆಗಿರಲಿ. ಕಾರಣ ಇಷ್ಟು ಸ್ಪಷ್ಟವಾಗಿ ಕಾಣುವ ನಡೆಯಿಂದ ಕಲಿಯುವುದು ಬೇಕಾದಷ್ಟಿದೆ.

ಹಳೇ_ಗಡಿಯಾರ:

ರೂಬಿನ್‌ಸ್ಟೈನ್ ಹೆಸರು ಬಂತು, ಹೇಳದೆ ಇರಲಾರೆ. 1907, ವುಡ್ಜ್ ಪಟ್ಟಣ, ಈಗಿನ ಪೋಲೆಂಡ್. ಬಿಳಿ ರೋಟ್ಲೆವಿ, ಕಪ್ಪು ರೂಬಿನ್‌ಸ್ಟೈನ್. ಚೆಸ್ ಕಲಿತವರೆಲ್ಲ ಒಂದಲ್ಲ ಒಂದು ದಿನ ನೋಡಿಯೇ ಇರುವ ಆಟ. ಆನಂದ್ ಗೆದ್ದ ದಿನವೇ ಜನ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಬಿ7ರಲ್ಲಿ ಒಂದು ಒಂಟೆ, ಜಿ1ರ ಕಡೆ ನೋಡುವ ಇನ್ನೊಂದು ಒಂಟೆ, ಜಿ4ರಲ್ಲಿ ಕುದುರೆ. ಎರಡೂ ಆಟದಲ್ಲಿ ಇದೇ ಜೋಡಣೆ.

ಆದರೆ ಹೋಲಿಕೆ ಇನ್ನೂ ಆಳಕ್ಕೆ ಹೋಗುತ್ತದೆ. ರೋಟ್ಲೆವಿ ಕೂಡ ಎಫ್4 ಆಡಿದ್ದರು, 17ನೇ ನಡೆಯಲ್ಲಿ! ರೂಬಿನ್‌ಸ್ಟೈನ್ ಒಂಟೆ ಆಗ ಇ5ರಲ್ಲಿತ್ತು. ಅದು ಸಿ7ಕ್ಕೆ ಹಿಂದೆ ಸರಿಯಿತು. ಬಿಳಿ ಇ4, ಇ5 ಅಂತ ನುಗ್ಗಿತು. ಇ3 ಖಾಲಿ, ಎಫ್2 ಖಾಲಿ. ಒಂಟೆ ಸಿ7ರಿಂದ ಬಿ6ಕ್ಕೆ ಬಂದು ಚೆಕ್. ಆಮೇಲೆ ಕುದುರೆ ಜಿ4. ಕೊನೆಗೆ ರಾಣಿಯನ್ನೇ ಬಲಿ ಕೊಟ್ಟು, ಆನೆಯನ್ನು ಎಚ್3ಕ್ಕೆ ಇಳಿಸಿ 25 ನಡೆಗೆ ಆಟ ಮುಗಿಸಿದರು.

ಅಂದರೆ ಕಥೆ ಒಂದೇ. ಎಚ್2 ಕಡೆಗಿನ ದಾರಿ ಮುಚ್ಚಲು ಬಿಳಿ ಎಫ್4 ಆಡುತ್ತದೆ. ಅದರಿಂದಲೇ ಜಿ1 ಕಡೆಗಿನ ದಾರಿ ತೆರೆಯುತ್ತದೆ. ಒಂಟೆ ದಾರಿ ಬದಲಿಸುತ್ತದೆ. ನೂರಕ್ಕೂ ಹೆಚ್ಚು ವರ್ಷದ ಅಂತರ, ಓಪನಿಂಗ್ ಬೇರೆ, ಆದರೂ ಗೆದ್ದದ್ದು ಅದೇ ಯೋಚನೆ. ಎಂಜಿನ್_ಪ್ರಿಯ ಅವರೇ, ಇದನ್ನು ನೋಡಿದ ಮೇಲೆ ಆ ಎರಡು ಆಟವನ್ನು ಒಂದೇ ಕಪಾಟಿನಲ್ಲಿಡಲು ನನಗೆ ಅಳುಕಿಲ್ಲ. ರೂಬಿನ್‌ಸ್ಟೈನ್ ಆಟ ಚಿಕ್ಕಂದಿನಲ್ಲಿ ನೋಡಿ ಬೆಳೆದ ಮನುಷ್ಯನ ಕೈಗೆ ಎಂಜಿನ್ ಸಿಕ್ಕರೆ ಏನು ಹುಡುಕಬೇಕು ಅಂತ ಅವನಿಗೆ ಗೊತ್ತಿರುತ್ತದೆ.

ಎಂಜಿನ್_ಪ್ರಿಯ:

ಎಫ್4 ಎರಡೂ ಕಡೆ ಇದೆ ಅನ್ನುವುದನ್ನು ನಾನು ಗಮನಿಸಿರಲಿಲ್ಲ ಹಿರಿಯರೇ. ಈಗಷ್ಟೇ ಎರಡೂ ಆಟ ಪಕ್ಕದಲ್ಲಿ ಇಟ್ಟು ನೋಡಿದೆ. ನೀವು ಹೇಳಿದ್ದು ನಿಜ. ಆದರೂ ರೂಬಿನ್‌ಸ್ಟೈನ್‌ಗೆ ಒಂದು ತೂಕ ಜಾಸ್ತಿ ಕೊಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹಳೇ_ಗಡಿಯಾರ:

ಕೊಡಿ ಕೊಡಿ. ನಾನೂ ಕೊಡುತ್ತೇನೆ.

ಮಲೆನಾಡ_ಕುದುರೆ:

ಯಾರೂ ಇನ್ನೂ 16ನೇ ನಡೆಗೆ ಬಂದೇ ಇಲ್ಲ! ನನ್ನ ಹೆಸರಲ್ಲೇ ಕುದುರೆ ಇರುವುದರಿಂದ ಇದನ್ನು ನಾನೇ ಬರೆಯುತ್ತೇನೆ.

ಬಿಳಿ 16ರಲ್ಲಿ ಒಂಟೆಯನ್ನು ಇ2ಕ್ಕೆ ಇಳಿಸಿತು. ಎರಡು ಉದ್ದೇಶ. ಜಿ4 ಕುದುರೆಯನ್ನು ಹೊಡೆಯುವ ಬೆದರಿಕೆ ಒಂದು. ಸಿ2 ರಾಣಿಗೆ ಎಚ್7ವರೆಗೆ ದಾರಿ ತೆರೆದದ್ದು ಇನ್ನೊಂದು. ಎಚ್7ರ ಕುದುರೆ ಜಿ5ಕ್ಕೆ ಸರಿದರೆ ರಾಣಿ ನೇರ ಎಚ್7ಕ್ಕೆ ಬಂದು ಮೇಟ್. ಅಂದರೆ ಕಪ್ಪಿಗೆ ಉಸಿರಾಡಲು ಸಮಯ ಇಲ್ಲ.

ಆಗ ಆನಂದ್ ಡಿ7ರ ಕುದುರೆಯನ್ನು ಇ5ಕ್ಕೆ ಇಟ್ಟರು. ಈಗ ಬೋರ್ಡ್ ನಿಲ್ಲಿಸಿ ನೋಡಿ. ಎಫ್8 ಆನೆಯನ್ನು ಎಚ್7 ಕುದುರೆ ಹೊಡೆಯಬಹುದು. ಜಿ4 ಕುದುರೆಯನ್ನು ಇ2 ಒಂಟೆ ಹೊಡೆಯಬಹುದು. ಸಿ5 ಒಂಟೆಯನ್ನು ಡಿ4 ಕಾಲಾಳು ಹೊಡೆಯಬಹುದು. ಇ5 ಕುದುರೆಯನ್ನು ಡಿ4 ಕಾಲಾಳೂ ಹೊಡೆಯಬಹುದು, ಎಫ್4 ಕಾಲಾಳೂ ಹೊಡೆಯಬಹುದು. ಕಪ್ಪಿನ ನಾಲ್ಕು ಕಾಯಿ ಒಟ್ಟಿಗೆ ಬಾಯಿಗೆ ಬಿದ್ದಿವೆ. ವಿಶ್ವ ಚಾಂಪಿಯನ್ ಆ ಸ್ಥಿತಿಯನ್ನು ಬೇಕು ಅಂತಲೇ ತಂದುಕೊಂಡಿದ್ದಾರೆ!

ಎಫ್4 ಕಾಲಾಳು ಕುದುರೆ ಹೊಡೆದರೆ ಏನಾಗುತ್ತದೆ? ಡಿ7 ಖಾಲಿಯಾಗಿದೆ, ಡಿ6 ಖಾಲಿ, ಡಿ5 ಖಾಲಿ. ಡಿ8ರ ರಾಣಿ ನೇರ ಬಂದು ಡಿ4 ಹೊಡೆದು ಚೆಕ್. ರಾಜ ಎಚ್1ಕ್ಕೆ ಸರಿದರೆ ರಾಣಿ ಜಿ1ಕ್ಕೆ! ಸಿ5 ಒಂಟೆಯ ಬೆಂಬಲ ಇರುವುದರಿಂದ ರಾಜ ಹೊಡೆಯುವಂತಿಲ್ಲ. ಆನೆಯೇ ಹೊಡೆಯಬೇಕು. ಆಗ ಜಿ4 ಕುದುರೆ ಎಫ್2ಕ್ಕೆ ಹಾರಿ ಮೇಟ್. ಸುತ್ತ ಜಿ1ರಲ್ಲಿ ತನ್ನದೇ ಆನೆ, ಜಿ2, ಎಚ್2ರಲ್ಲಿ ತನ್ನದೇ ಕಾಲಾಳು. ಸಿ2 ರಾಣಿ ಎಫ್2 ಕಡೆ ನೋಡೋಣ ಅಂದರೆ ಇ2ರಲ್ಲಿ ತನ್ನದೇ ಒಂಟೆ ಅಡ್ಡ ನಿಂತಿದೆ. ಬಿಳಿ ಈಗಷ್ಟೇ ಅಲ್ಲಿ ಇಟ್ಟ ಒಂಟೆ! ಇದನ್ನು ಮೊದಲ ಸಲ ನೋಡಿದಾಗ ನನಗೆ ಎದ್ದು ನಿಂತು ಚಪ್ಪಾಳೆ ತಟ್ಟಬೇಕು ಅನಿಸಿತ್ತು.

ಡಿ4 ಕಾಲಾಳು ಇ5 ಹೊಡೆದರೂ ಇದೇ ಕಥೆ. ರಾಣಿ ಡಿ4ರಲ್ಲಿ ಚೆಕ್, ಆಮೇಲೆ ಜಿ1, ಆಮೇಲೆ ಎಫ್2.

ಅಪ್ಪ_ಮಗಳು_ಚೆಸ್:

ಎಲ್ಲರಿಗೂ ನಮಸ್ಕಾರ. ಇಷ್ಟು ಚೆನ್ನಾಗಿ ಬಿಡಿಸಿ ಬರೆದದ್ದಕ್ಕೆ ಧನ್ಯವಾದ. ನನ್ನದು ಬೇರೆ ಪ್ರಶ್ನೆ. ನನ್ನ ಮಗಳು ರಾಜ್ಯ ಮಟ್ಟದ ವಯೋಮಿತಿ ಟೂರ್ನಿಗಳಲ್ಲಿ ಆಡುತ್ತಾಳೆ, ರೇಟಿಂಗ್ 1400ರ ಆಸುಪಾಸು. ಡಿ4ಗೆ ಏನಾಡಬೇಕು ಅನ್ನುವುದು ದೊಡ್ಡ ತಲೆನೋವು. ಸೆಮಿ-ಸ್ಲಾವ್ ಕಲಿಸಬಹುದಾ? ಅಥವಾ ಅವಳ ಮಟ್ಟಕ್ಕೆ ಇದು ಜಾಸ್ತಿ ಆಯಿತಾ? ತರಬೇತಿ ಕೊಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಕ್ಲಬ್_ಕೋಚ್_ಮೈಸೂರು:

ನಮಸ್ಕಾರ ಸರ್. ಮಕ್ಕಳಿಗೆ ಹೇಳಿಕೊಡುವವನಾಗಿ ನನ್ನ ಅನುಭವದಲ್ಲಿ ಹೇಳುತ್ತೇನೆ.

ಖಂಡಿತ ಕಲಿಸಬಹುದು. ಆದರೆ ಒಂದು ಮಾತು ಮೊದಲೇ ಗೊತ್ತಿರಲಿ. ನಮ್ಮ ಕಡೆಯ ಟೂರ್ನಿಗಳಲ್ಲಿ ಮಗಳಿಗೆ ಮೆರಾನ್ ಸ್ಥಿತಿ ಸಿಗುವುದು ಅಪರೂಪ. ಡಿ4 ಆಡುವ ಮಕ್ಕಳಲ್ಲಿ ಬಹಳ ಜನ ಲಂಡನ್ ಅನ್ನುವ ಓಪನಿಂಗ್ ಆಡುತ್ತಾರೆ. ಒಂಟೆ ಎಫ್4, ಇ3, ಸಿ3, ಅಷ್ಟೇ. ಸಿ4 ಆಡುವವರಲ್ಲೂ ಕೆಲವರು ತಕ್ಷಣ ಡಿ5ರಲ್ಲಿ ಬದಲಾಯಿಸಿ ಆಟವನ್ನು ಸಪ್ಪೆ ಮಾಡುತ್ತಾರೆ. ಆದ್ದರಿಂದ ಮೆರಾನ್‌ನ 20 ನಡೆ ಬಾಯಿಪಾಠ ಮಾಡಿಸಿದರೆ ಮಗು ಟೂರ್ನಿಗೆ ಹೋಗಿ "ಅಪ್ಪಾ, ನಾನು ಕಲಿತದ್ದು ಬರಲೇ ಇಲ್ಲ" ಅಂತ ಬೇಸರ ಮಾಡಿಕೊಂಡು ಬರುತ್ತದೆ.

ನಾನು ಮಕ್ಕಳಿಗೆ ಹೇಳಿಕೊಡುವ ಕ್ರಮ ಬೇರೆ. ಮೊದಲು ಮೊದಲ 5 ನಡೆ, ಬರೀ ಆಕಾರ. ಡಿ5, ಸಿ6, ಇ6, ಕುದುರೆ ಎಫ್6, ಕುದುರೆ ಡಿ7. ಈ ಆಕಾರ ಲಂಡನ್‌ಗೂ ನಡೆಯುತ್ತದೆ, ಬೇರೆಯದಕ್ಕೂ ನಡೆಯುತ್ತದೆ. ಲಂಡನ್ ಎದುರು ಸಿಕ್ಕಾಗ ಮಾತ್ರ ಸಿ8 ಒಂಟೆಯನ್ನು ಇ6ಕ್ಕೆ ಮೊದಲೇ ಎಫ್5ಕ್ಕೆ ಹೊರಗೆ ತಂದುಬಿಡಿ ಅಂತ ಹೇಳುತ್ತೇನೆ. ಆಮೇಲೆ ಒಂದೇ ಪ್ರಶ್ನೆ: ಸಿ8 ಒಂಟೆ ಎಲ್ಲಿಂದ ಹೊರಗೆ ಬರುತ್ತದೆ? ಪ್ರತಿ ಆಟದ ನಂತರ ಮಗುವನ್ನೇ ಕೇಳಿ, "ಇವತ್ತು ಆ ಒಂಟೆ ಏನು ಮಾಡಿತು?" ಅಂತ. ಉತ್ತರ "ಏನೂ ಇಲ್ಲ" ಅಂತ ಬಂದರೆ ಸಿ5 ಯಾವಾಗ ಆಡಬಹುದಿತ್ತು ಅಂತ ಇಬ್ಬರೂ ಕೂತು ಹುಡುಕಿ. ಈ ಅಭ್ಯಾಸ ಬಂದುಬಿಟ್ಟರೆ ಓಪನಿಂಗ್ ಅರ್ಧ ಬಂದ ಹಾಗೆ.

ಈ ಆಟವನ್ನು ಅವಳಿಗೆ ತೋರಿಸಿ. ಆದರೆ ನಡೆಗಳನ್ನು ಬರೆದುಕೊಟ್ಟು ಕಲಿ ಅನ್ನಬೇಡಿ. 15ನೇ ನಡೆಯಲ್ಲಿ ನಿಲ್ಲಿಸಿ, "ನೀನಾಗಿದ್ದರೆ ಏನಾಡ್ತಿದ್ದೆ?" ಅಂತ ಕೇಳಿ. ಮಕ್ಕಳು ಆನೆ ಉಳಿಸುವ ನಡೆಯನ್ನೇ ಹೇಳುತ್ತಾರೆ. ಹೇಳಲಿ. ಆಮೇಲೆ ಆನಂದ್ ಆಡಿದ್ದು ತೋರಿಸಿದಾಗ ಅವರ ಮುಖ ನೋಡಬೇಕು ನೀವು.

ಅಪ್ಪ_ಮಗಳು_ಚೆಸ್:

ತುಂಬಾ ಉಪಕಾರ ಆಯಿತು ಸರ್. ಒಂಟೆಯ ಪ್ರಶ್ನೆ ಇವತ್ತಿನಿಂದಲೇ ಶುರು.

ಡಬ್ಲಿನ್_ಕನ್ನಡಿಗ:

ನಾನು ಇಲ್ಲಿ ವಾರಾಂತ್ಯದ ಲೀಗ್‌ನಲ್ಲಿ ಸೆಮಿ-ಸ್ಲಾವ್ ಆಡುತ್ತೇನೆ. ದೊಡ್ಡವರ ಟೂರ್ನಿಯಲ್ಲೂ ಶುದ್ಧ ಮೆರಾನ್ ಸಿಗುವುದು ಕಡಿಮೆಯೇ. ಎದುರಾಳಿಗಳು ಬೇರೆ ದಾರಿ ಹಿಡಿಯುತ್ತಾರೆ. 5ನೇ ನಡೆಯಲ್ಲಿ ಇ3 ಬದಲು ಒಂಟೆ ಜಿ5 ಆಡುವವರು ಇದ್ದಾರೆ. ಆಗ ಸಿ4 ಹೊಡೆದರೆ ಬೋಟ್ವಿನ್ನಿಕ್ ಅನ್ನುವ ಕವಲು, ಎಚ್6 ಆಡಿದರೆ ಮಾಸ್ಕೋ ಅನ್ನುವ ಕವಲು. ಬೋಟ್ವಿನ್ನಿಕ್ ಅಂತೂ ಓದದೆ ಹೋಗುವ ಜಾಗವೇ ಅಲ್ಲ, ನಾನು ಮಾಸ್ಕೋಗೆ ಹೋಗಿ ನೆಮ್ಮದಿಯಾಗಿದ್ದೇನೆ. ಇನ್ನು ಕೆಲವರು ಇ3 ಆಡಿದ ಮೇಲೆ 6ರಲ್ಲಿ ಒಂಟೆ ಡಿ3 ಬದಲು ರಾಣಿ ಸಿ2 ಆಡುತ್ತಾರೆ. ಇದಕ್ಕೆ ಆಂಟಿ-ಮೆರಾನ್ ಅಂತಲೇ ಹೆಸರು. ಕಾರಣ ಹಳೇ_ಗಡಿಯಾರ ಅವರು ಹೇಳಿದ್ದೇ: ಒಂಟೆ ಡಿ3ಕ್ಕೆ ಬರುವವರೆಗೆ ಕಪ್ಪು ಕಾಯುತ್ತದೆ ತಾನೆ, ಹಾಗಾದರೆ ಬಿಳಿಯೂ ಒಂಟೆಯನ್ನು ಕದಲಿಸದೆ ಕಾಯುತ್ತದೆ. 7ನೇ ನಡೆಯಲ್ಲೇ ಜಿ4 ಅಂತ ಕಾಲಾಳು ನೂಕಿ ದಾಳಿಗೆ ಬರುವವರೂ ಉಂಟು.

ಇದೆಲ್ಲ ಇದ್ದರೂ ನಾನು ಈ ಓಪನಿಂಗ್ ಬಿಟ್ಟಿಲ್ಲ. ಗೆಲುವಿಗೆ ಆಡಬಹುದು ಅನ್ನುವ ಧೈರ್ಯ ಕಪ್ಪು ಕಾಯಿಯಲ್ಲಿ ಕೊಡುವ ಓಪನಿಂಗ್‌ಗಳು ಕಡಿಮೆ.

ಇನ್ನೊಂದು, ಆನಂದ್ ಮತ್ತು ಮೆರಾನ್ ಅಂದರೆ 2008ರಲ್ಲಿ ಜರ್ಮನಿಯ ಬಾನ್ ನೆನಪಾಗಲೇಬೇಕು. ಕ್ರಾಮ್ನಿಕ್ ಎದುರಿನ ವಿಶ್ವ ಚಾಂಪಿಯನ್‌ಷಿಪ್. 3ನೇ ಆಟ ಮತ್ತು 5ನೇ ಆಟ, ಎರಡೂ ಮೆರಾನ್, ಎರಡರಲ್ಲೂ ಆನಂದ್ ಕಪ್ಪು, ಎರಡರಲ್ಲೂ ಗೆಲುವು! ಅಲ್ಲಿ 8ರಲ್ಲಿ ಎ6 ಆಡಿ, ಆಮೇಲೆ ಸಿ5 ಒಡೆದು, 14ನೇ ನಡೆಯಲ್ಲಿ ಒಂಟೆ ಬಿ7. ರಾಜನ ಮುಂದಿನ ಜಿ ಸಾಲು ತೆರೆದು ಆ ಒಂಟೆ ಮತ್ತು ಆನೆ ಎರಡೂ ಬಿಳಿ ರಾಜನ ಕಡೆ ತಿರುಗಿದವು. ಪಂದ್ಯ 6.5–4.5ಕ್ಕೆ ಮುಗಿಯಿತು. ಗಟ್ಟಿ ಆಟಗಾರ ಅಂತ ಹೆಸರಾದ ಕ್ರಾಮ್ನಿಕ್ ಡಿ4 ಆಡಿ ಎರಡು ಸಲ ಒಂದೇ ಓಪನಿಂಗ್‌ನಲ್ಲಿ ಸೋತರು.

ಬಿಳಿಮನೆ_ಕಪ್ಪುಮನೆ:

ಬಾನ್ ನೆನಪಿಸಿದ್ದಕ್ಕೆ ತುಂಬಾ ಸಂತೋಷ. ಅಲ್ಲೂ ಬಿ7ರ ಒಂಟೆ! ನನ್ನ ವಾದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು.

2013ರ ಆ ಟೂರ್ನಿಯ ಕೊನೆಯಲ್ಲಿ ಗೆದ್ದದ್ದು ಕಾರ್ಲ್‌ಸನ್, 13ಕ್ಕೆ 10 ಅಂಕ. ಅಲ್ಲಿ 1999ರಲ್ಲಿ ಕಾಸ್ಪರೋವ್ ಮಾಡಿದ್ದ ದಾಖಲೆಗೆ ಸಮ. ಅದೇ ವರ್ಷ ನವೆಂಬರ್‌ನಲ್ಲಿ ಚೆನ್ನೈನಲ್ಲಿ ಆನಂದ್ ಕಾರ್ಲ್‌ಸನ್‌ಗೆ ಪಟ್ಟ ಬಿಟ್ಟುಕೊಟ್ಟರು. ಅದು ನೋವಿನ ವಿಷಯ. ಆದರೆ ವೈಕ್ ಆನ್ ಜೀಯಲ್ಲಿ ಐದು ಸಲ ಪ್ರಶಸ್ತಿ ಪಡೆದವರು ಅವರು. ಅಲ್ಲಿ ಅವರು ಆಡಿದ ಆಟಗಳಲ್ಲಿ ಪ್ರಶಸ್ತಿ ಬಾರದ ವರ್ಷದ ಈ ಆಟವೇ ಜನರಿಗೆ ಹೆಚ್ಚು ನೆನಪಿದೆ. ನನಗೂ ಅಷ್ಟೇ.

ಧಾರವಾಡದ_ಆನೆ:

ಮತ್ತೆ ನಾನೇ, ಕ್ಷಮಿಸಿ. ಬೋರ್ಡ್ ಹಾಕಿಕೊಂಡು 19ನೇ ನಡೆಗೆ ಬಂದೆ. ಬಿಳಿ ಕುದುರೆ ಎಫ್8ರ ಆನೆ ಹೊಡೆಯಿತು. ಕಪ್ಪು ರಾಜ ಪಕ್ಕದಲ್ಲೇ ಇದ್ದಾನೆ, ಕುದುರೆಯನ್ನು ತಿರುಗಿ ಹೊಡೆಯಬಹುದಲ್ಲ? ಬದಲಿಗೆ ಎಫ್5 ಅಂತ ಸುಮ್ನೆ ಒಂದು ಕಾಲಾಳು ನಡೆ ಯಾಕೆ?

ಇನ್ನೊಂದು, ಕೊನೆಯಲ್ಲಿ ಒಂಟೆ ಇ3ಕ್ಕೆ ಬಂದಾಗ ಬಿಳಿ ಯಾಕೆ ಸೋಲು ಒಪ್ಪಿತು? ಆ ಒಂಟೆಯನ್ನು ಸಿ1 ಒಂಟೆಯೂ ಹೊಡೆಯಬಹುದು, ರಾಣಿಯೂ ಹೊಡೆಯಬಹುದು. ನನಗೆ ಮೇಟ್ ಕಾಣುತ್ತಿಲ್ಲ.

ಬಿಳಿಮನೆ_ಕಪ್ಪುಮನೆ:

ಕ್ಷಮೆ ಯಾಕೆ, ನೀವು ಕೇಳಿದ ಎರಡೂ ಈ ಆಟದ ಒಳ್ಳೆಯ ಜಾಗಗಳು.

ಎಫ್5 ನನಗೆ 16ನೇ ನಡೆಯಷ್ಟೇ ಇಷ್ಟ. ರಾಜ ಎಫ್8 ಹೊಡೆದರೆ ಸಿ2ರ ಬಿಳಿ ರಾಣಿ ಎಚ್7ಕ್ಕೆ ಬಂದು ರಾಜನ ಹಿಂದೆ ಬೀಳುತ್ತದೆ, ಬಿಳಿಗೆ ಜೀವ ಬರುತ್ತದೆ. ಎಫ್5 ಆ ದಾರಿಯನ್ನು ನಡುವೆಯೇ ಕತ್ತರಿಸುತ್ತದೆ. ಬಿಳಿಯ ದಾಳಿ ಅಲ್ಲಿಗೆ ಮುಗಿಯಿತು. ಎಫ್8ರ ಕುದುರೆ ಎಲ್ಲಿಗೂ ಹೋಗುವುದಿಲ್ಲ, ಆಮೇಲೆ ಹೊಡೆದರಾಯಿತು. ಈ ಕಡೆ ರಾಣಿ ಎಚ್4ಕ್ಕೆ ಬಂದು ಎಚ್2ರಲ್ಲಿ ಮೇಟ್ ಮಾಡುವ ಬೆದರಿಕೆ ಹಾಗೇ ಇದೆ. ಆರೋನಿಯನ್ ಎಚ್4 ಕಾಯಲು ಕುದುರೆಯನ್ನು ಜಿ6ಕ್ಕೆ ತಂದರು. ಕಪ್ಪು ರಾಣಿ ಎಫ್6ಕ್ಕೆ ಬಂದು ಆ ಕುದುರೆಯ ಮೇಲೆಯೇ ಬಿತ್ತು. ಕೊನೆಗೆ ಕುದುರೆ ಹೋಯಿತು. ಲೆಕ್ಕ ಹಾಕಿದರೆ ಕಪ್ಪು ಆನೆ ಕೊಟ್ಟು ಕುದುರೆ ತೆಗೆದುಕೊಂಡಿದೆ ಅಷ್ಟೇ. ಆದರೆ ಬಿಳಿ ರಾಜನ ಸುತ್ತ ಕಪ್ಪಿನ ರಾಣಿ, ಎರಡು ಒಂಟೆ, ಕುದುರೆ ಇವೆ. ಬಿಳಿಯ ಎ1 ಆನೆ, ಸಿ1 ಒಂಟೆ ಇನ್ನೂ ಹುಟ್ಟಿದ ಮನೆಯಲ್ಲೇ ಇವೆ.

ಇನ್ನು ಕೊನೆಯ ಸ್ಥಿತಿ. ಮೊದಲು ಒಂದು ಸಹಜ ಪ್ರಶ್ನೆ: ಜಿ4 ಕುದುರೆಯನ್ನು ಎಚ್3 ಕಾಲಾಳು ಯಾಕೆ ಹೊಡೆಯುವುದಿಲ್ಲ? ಆಗುವುದಿಲ್ಲ. ಎಚ್5 ರಾಣಿಯ ಎದುರಿಗೆ ಎಚ್1ರಲ್ಲಿ ರಾಜ. ಕಾಲಾಳು ಸರಿದರೆ ರಾಜನಿಗೆ ಚೆಕ್. ಹಾಗಾಗಿ ಅದಕ್ಕೆ ಪಿನ್ ಬಿದ್ದಿದೆ.

ಈಗ ಕಪ್ಪು ರಾಣಿ ಎಚ್3 ಕಾಲಾಳನ್ನು ಹೊಡೆಯುವ ಬೆದರಿಕೆ ಹಾಕಿದೆ. ಅದನ್ನು ಕಾಯುತ್ತಿರುವುದು ಯಾರು? ಜಿ2 ಕಾಲಾಳು ಅಂತ ಅನಿಸುತ್ತದೆ. ಅಲ್ಲ! ಬಿ7ರಿಂದ ಜಿ2 ದಾಟಿ ಎಚ್1ವರೆಗೆ ನೋಡಿ. ಸಿ6, ಡಿ5, ಇ4, ಎಫ್3 ಎಲ್ಲ ಖಾಲಿ. ಜಿ2 ಕಾಲಾಳಿಗೂ ಪಿನ್ ಬಿದ್ದಿದೆ. ಅದು ಎಚ್3ರಲ್ಲಿ ಹೊಡೆಯುವಂತಿಲ್ಲ. ಅಂದರೆ ಎಚ್3 ಕಾಯುತ್ತಿರುವುದು ಡಿ3ರ ಬಿಳಿ ರಾಣಿ ಮಾತ್ರ, ಆ ಅಡ್ಡ ಸಾಲಿನ ಉದ್ದಕ್ಕೆ. ಅದಕ್ಕೇ ಆರೋನಿಯನ್ 23ರಲ್ಲಿ ರಾಣಿಯನ್ನು ಅಲ್ಲಿಗೆ ತಂದದ್ದು.

ಆನಂದ್ ಡಿ4 ಒಂಟೆಯನ್ನು ಇ3ಕ್ಕೆ ಇಟ್ಟು ಆ ಸಾಲನ್ನೇ ಮುಚ್ಚಿದರು. ಸಿ1 ಒಂಟೆ ಅದನ್ನು ಹೊಡೆದರೆ ಸಾಲು ಇನ್ನೂ ಮುಚ್ಚಿಯೇ ಇರುತ್ತದೆ. ಕಪ್ಪು ರಾಣಿ ಎಚ್3 ಹೊಡೆದು ಚೆಕ್, ರಾಜ ಜಿ1, ರಾಣಿ ಜಿ2 ಹೊಡೆದು ಮೇಟ್. ಬಿ7 ಒಂಟೆಯ ಬೆಂಬಲ ಅಲ್ಲೂ ಇದೆ. ಬಿಳಿ ರಾಣಿಯೇ ಇ3 ಹೊಡೆದರೆ ಜಿ4 ಕುದುರೆ ರಾಣಿಯನ್ನು ಹೊಡೆಯುತ್ತದೆ. ಬೇರೆ ದಾರಿ ಇಲ್ಲ.

ಧಾರವಾಡದವರೇ, ಮಧ್ಯದ ನಡೆಗಳನ್ನು ಒಂದು ಸಲ ಬಿಟ್ಟು 10ನೇ ನಡೆಯ ನಂತರದ ಬೋರ್ಡ್ ಮತ್ತು ಕೊನೆಯ ಬೋರ್ಡ್ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಮೊದಲನೆಯದರಲ್ಲಿ ಬಿ7 ಒಂಟೆಯ ಮೂಗಿನ ಮುಂದೆ ತನ್ನದೇ ಸಿ6 ಕಾಲಾಳು.

ಧಾರವಾಡದ_ಆನೆ:

ನೋಡಿದೆ ಸರ್. ಜಿ2 ಕಾಲಾಳಿಗೆ ಪಿನ್ ಇರುವುದು ನನಗೆ ಕಂಡೇ ಇರಲಿಲ್ಲ, ಅದಕ್ಕೇ ಮೇಟ್ ಕಾಣಲಿಲ್ಲ. ಈ ಭಾನುವಾರ ನಮ್ಮೂರಲ್ಲಿ ರ‍್ಯಾಪಿಡ್ ಟೂರ್ನಿ ಇದೆ. ಯಾರಾದರೂ ಡಿ4, ಸಿ4 ಆಡಿದರೆ ಸಿ6 ಇಡುತ್ತೇನೆ. ಆಟದ ನಡೆಗಳನ್ನು ಬರೆದುಕೊಂಡು ಬಂದು ಇಲ್ಲೇ ಹಾಕುತ್ತೇನೆ, ಸಿ5 ಯಾವಾಗ ಆಡಬೇಕಿತ್ತು ಅಂತ ನೀವೆಲ್ಲ ನೋಡಿ ಹೇಳಿ.